ಗೆಡಿಯ ಗೋರಿಯೊಳಗಿನ ದನಿ

ಗೆಡಿ ಎಂಬ ಹಾಳುಪಟ್ಟಣದಲ್ಲಿ ನಾನು ಹಳೆಯ ಕಾಲದ ಕುರುಹುಗಳಿಗಾಗಿ ಮಣ್ಣು ಅಗೆಯುವ ಕೂಲಿಯವಳು. ನಮ್ಮಜ್ಜಿ ಧೂಪ ಹಾಕುತ್ತಿದ್ದ ಗೋರಿಯೊಂದನ್ನು ಒಡೆಯಲು ಅಗೆತದ ಅಧಿಕಾರಿ ಮುತುರಿ ಸುತ್ತಿಗೆ ಹಿಡಿದು ಬಂದಾಗ, ನಡುಮಧ್ಯಾಹ್ನ, ನಾನು ಅದರ ಮೇಲೆ ಕುಳಿತುಬಿಟ್ಟೆ.

“ಏಳಮ್ಮ. ಒಳಗೆ ಯಾರಿದಾರೆ ಅಂತ ನಿಮಗೇ ಗೊತ್ತಿಲ್ಲ,” ಎಂದ.

“ಗೊತ್ತಿಲ್ಲ ಅಂದ್ರೆ ಒಡೆದುಬಿಡಬಹುದಾ ಸಾರ್? ನಾನು ಏಳಲ್ಲ.”

ಅಂಥ ಬಿಸಿಲಿನಲ್ಲೂ ನನ್ನ ಕೆಳಗಿನ ಕಲ್ಲು ತಣ್ಣಗಾಗುತ್ತ ಬಂತು. ಮರದ ಮೇಲಿನ ಕೋತಿಗಳು ಗಪ್ಪಾದವು. ಗೋರಿಯೊಳಗೆ ಯಾರೋ ಜೋಳ ಬೀಸುತ್ತಿದ್ದರು. ನಾನು ಕದಲಲಿಲ್ಲ.

“ಒಳಗೆ ಯಾರಿದಾರೆ ಅಂತ ಗೊತ್ತಿಲ್ಲ ಅಂತೀರಲ್ಲ, ಕಿವಿ ಇಟ್ಟು ನೋಡಿ.”

ಮುತುರಿ ಬಗ್ಗಿ ಕಿವಿಯಿಟ್ಟ. ಬೀಸುವುದು ನಿಂತಿತು. ಹೆಣ್ಣುದನಿಯೊಂದು ಒಳಗಿನಿಂದ ಮೆಲ್ಲಗೆ ಕೇಳಿತು: “ಯಾರದು?”

ಅವನು ಸುತ್ತಿಗೆಯನ್ನು ಅಲ್ಲೇ ಬಿಟ್ಟು ಹೋದ. ನಾನು ಕೂತಲ್ಲಿಂದಲೇ ಉತ್ತರ ಕೊಟ್ಟೆ.

“ನಾನು ಕಾಡ್ಜೊ. ನಿಮ್ಮೂರಿನವಳೇ.”

ಒಳಗೆ ಮತ್ತೆ ಬೀಸತೊಡಗಿದರು.