ಪೈಲಟ್ಟರ ಧ್ವನಿ ಕಾಣೆಯಾದದ್ದು

ಸಂಗ್ರಹಾಲಯದ ಬಾಗಿಲು ತೆರೆಯುವ ಹೊತ್ತಿಗೆ ಕಿವಿಯಣ್ಣ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಕಿವಿಯಣ್ಣ ಎಂದರೆ ಅಲ್ಲಿನ ಧ್ವನಿ ವಿಭಾಗದವನು. ಬಾಹ್ಯಾಕಾಶಕ್ಕೆ ಹೋಗಿ ಬಂದವರ, ಹೋಗಿ ಬಾರದವರ ಮಾತುಗಳನ್ನೆಲ್ಲ ಹಳೆಯ ಟೇಪುಗಳಿಂದ ಕಂಪ್ಯೂಟರಿಗೆ ಇಳಿಸಿ ಕಾಪಾಡುವುದು ಅವನ ಕೆಲಸ. ಮೇಷ್ಟ್ರು ಪಕ್ಕದಲ್ಲಿ ಕುಳಿತು ಬೆನ್ನು ಸವರಿದ ಮೇಲೆ ಅವನಿಗೆ ಮಾತು ಹೊರಟಿತು.

"ಪೈಲಟ್ಟರ ಧ್ವನಿ ಇಲ್ಲ, ಮೇಷ್ಟ್ರೇ. ಅಳಿಸಿಬಿಟ್ಟಿದ್ದಾರೆ. ನಕಲೂ ಇಲ್ಲ."

ಶಾಲೆಯಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಇಲ್ಲಿ ಬಂದವರಿಗೆ ಎಲ್ಲವನ್ನೂ ತೋರಿಸಿ ವಿವರಿಸುವ ಕೆಲಸ ಹಿಡಿದಿದ್ದರು. ಪೈಲಟ್ಟರ ಕತೆಯನ್ನು ಅವರಷ್ಟು ಸಲ ಹೇಳಿದವರು ಇನ್ನೊಬ್ಬರಿರಲಿಲ್ಲ. ಕಕ್ಷೆಯಲ್ಲಿದ್ದ ನಿಲ್ದಾಣಕ್ಕೆ ಇಬ್ಬರು ಹೋಗಿದ್ದರು, ಪೈಲಟ್ಟರು ಮತ್ತು ಕ್ಯಾಪ್ಟನ್ನರು. ನಿಲ್ದಾಣದ ಗೋಡೆ ಸೀಳಿ ಗಾಳಿ ಸೋರತೊಡಗಿದಾಗ ಪೈಲಟ್ಟರು ಒಳಗೇ ಉಳಿದು, ನಡುವಿನ ಬಾಗಿಲನ್ನು ತಮ್ಮ ಕಡೆಯಿಂದ ಮುಚ್ಚಿ, ಕ್ಯಾಪ್ಟನ್ನರು ನೌಕೆಯನ್ನು ಬಿಡಿಸಿಕೊಂಡು ಪಾರಾಗುವಂತೆ ಮಾಡಿದರು. ಆಗಿನ ಮಾತು ನೌಕೆಯ ಟೇಪಿನಲ್ಲಿ ದಾಖಲಾಗಿತ್ತಾದರೂ ಬರೀ ಗರಗರ ಸದ್ದಿನಡಿ ಹೂತುಹೋಗಿತ್ತು. ಅವರ ಕೊನೆಯ ಮಾತೆಂದು ಲೋಕಕ್ಕೆ ಗೊತ್ತಿದ್ದದ್ದು ಕ್ಯಾಪ್ಟನ್ನರು ಬಂದು ಹೇಳಿದ್ದು ಮಾತ್ರ: "ನಾನು ಹೆದರಲಿಲ್ಲ ಅಂತ ನನ್ನ ಮಗಳಿಗೆ ಹೇಳಿ." ಆ ಮಾತನ್ನು ಗೋಡೆಯ ಕಲ್ಲಿನಲ್ಲೇ ಕೆತ್ತಿಸಿದ್ದರು.

ಕಿವಿಯಣ್ಣ ಬಹಳ ಕಾಲ ಹೆಣಗಿ ಆ ಗರಗರವನ್ನು ಸೋಸಿ ತೆಗೆದಿದ್ದ. ಮೂಲ ಟೇಪು ಇಳಿಸುವಾಗಲೇ ಪುಡಿಯಾಗಿತ್ತು. ಮಗಳು ಕೇಳುವ ಮೊದಲು ತಾನು ಕೇಳಬಾರದೆಂಬ ಹಠಕ್ಕೆ ಬಿದ್ದು, ಮೊದಲ ಒಂದೆರಡು ಶಬ್ದ ಸ್ಪಷ್ಟವಾಗಿವೆಯೇ ಎಂದಷ್ಟೇ ನೋಡಿ ಮುಚ್ಚಿಟ್ಟಿದ್ದ. ಆ ಮಗಳು, ಈಗ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ, ಅದೇ ದಿನ ಸಂಜೆ ಬರುವವಳಿದ್ದಳು.

ನಿರ್ದೇಶಕರು ಬಂದವರೇ ಕಳ್ಳಿಯನ್ನು ಹಿಡಿದೇಬಿಟ್ಟರು. ಅವರದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಸ್ವಭಾವ. ಸಂಗ್ರಹಾಲಯದ ಕಂಪ್ಯೂಟರ್ ಜಾಲ ಎಷ್ಟು ಭದ್ರವಾಗಿದೆ ಎಂದು ಪರೀಕ್ಷಿಸಲು ಹೊರಗಿನಿಂದ ಒಬ್ಬಳನ್ನು ಕರೆಸಿದ್ದರು. ಹಿಂದಿನ ವಾರ ಆ ಪರೀಕ್ಷಕಿ ಎಲ್ಲರನ್ನೂ ಕೂರಿಸಿ, ವೈರ್‌ಶಾರ್ಕ್ ಎಂಬ ಸಾಧನ ತೆರೆದು, ತಂತಿಯಲ್ಲಿ ಹರಿಯುವುದನ್ನೆಲ್ಲ ಪರದೆಯ ಮೇಲೆ ತೋರಿಸಿದ್ದಳು. ಅದರಲ್ಲಿ ಕಿವಿಯಣ್ಣನ ಪಾಸ್‌ವರ್ಡ್ ಬಟ್ಟೆಬರೆಯಿಲ್ಲದೆ, ಯಾರು ಬೇಕಾದರೂ ಓದುವಂತೆ, ಹಾದುಹೋಗಿತ್ತು. ಸಭೆ ನಕ್ಕಿತು. ಮೂಲೆಯಲ್ಲಿ ಕಣ್ಣುಮುಚ್ಚಿ ಕುಳಿತಿದ್ದ ಮುದಿ ಕ್ಯಾಪ್ಟನ್ನರು ಮಾತ್ರ ನಗಲಿಲ್ಲ. ತೂಕಡಿಸುತ್ತಿದ್ದಾರೆಂದು ಎಲ್ಲರೂ ಅಂದುಕೊಂಡರು. ಆ ದಿನವೇ ಬದಲಾಯಿಸುತ್ತೇನೆಂದ ಕಿವಿಯಣ್ಣ ಪಾಸ್‌ವರ್ಡನ್ನು ಬದಲಾಯಿಸಿರಲಿಲ್ಲ. ಈಗ ಅಳಿಸುವ ಆಜ್ಞೆ ಹೋಗಿದ್ದದ್ದು ಅವನ ಹೆಸರಿನಲ್ಲೇ, ಅದೇ ಪಾಸ್‌ವರ್ಡಿನಿಂದ.

ಬೀಗ ಒಡೆಯುವ ಸಾಮಾನೆಲ್ಲ ಇರುವುದು ಅವಳ ಲ್ಯಾಪ್‌ಟಾಪಿನಲ್ಲಿ, ಇನ್ಯಾರು ಮಾಡುತ್ತಾರೆ ಎಂದು ನಿರ್ದೇಶಕರು ಹಠ ಹಿಡಿದರು. ಸಂಜೆ ಅತಿಥಿ ಹೋದ ಮೇಲೆ ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಪರೀಕ್ಷಕಿಯ ಕಸುಬು ನಿಂತಿದ್ದೇ ನಂಬಿಕೆಯ ಮೇಲೆ. ಒಮ್ಮೆ ಹೆಸರು ಕೆಟ್ಟರೆ ಯಾರೂ ಒಂದು ತಂತಿಯನ್ನೂ ಮುಟ್ಟಗೊಡುವುದಿಲ್ಲ.

ಆಗ ಕ್ಯಾಪ್ಟನ್ನರು ಕೋಲೂರಿಕೊಂಡು ಬಂದರು. ಸಂಗ್ರಹಾಲಯದ ಗೌರವ ಸಲಹೆಗಾರರಾಗಿ ಅವರಿಗೆ ಅಲ್ಲೊಂದು ಕೋಣೆಯಿತ್ತು. ಗುಂಡಿಯೊತ್ತುವ ಹಳೆಯ ಫೋನು ಬಿಟ್ಟು ಬೇರೇನೂ ಅವರ ಕೈಯಲ್ಲಿ ಕಂಡವರಿರಲಿಲ್ಲ. ಸುದ್ದಿ ಕೇಳಿ ಅವರು ಅಂದದ್ದು ಇಷ್ಟೇ: "ಆ ಹುಡುಗಿನ ಬಿಡಿ. ಅವಳ ಕೈಲಿ ಆಗೋ ಕೆಲಸ ಅಲ್ಲ ಅದು."

ಪರೀಕ್ಷಕಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಹೆಣ್ಣಿಗೆ ಇಷ್ಟೂ ಬರುವುದಿಲ್ಲ ಎನ್ನುವ ಹಳೆಗಾಲದವರ ಮಾತು ಎಂದು ಮೇಷ್ಟ್ರಿಗೂ ಬೇಸರವಾಯಿತು. ಆ ಮಾತನ್ನು ಬೇರೆ ರೀತಿ ಕೇಳಿಸಿಕೊಂಡವಳು ಜರಡಿಯಕ್ಕ ಒಬ್ಬಳೇ.

ಜರಡಿಯಕ್ಕ ಆ ಸಂಗ್ರಹಾಲಯದ ಜಾಲ ಕಾಯುವವಳು. ಹಿತ್ತಲ ಕಡೆಯ ಎರಡು ಕೋಣೆಯ ಮನೆಯಲ್ಲೇ ಅವಳ ವಾಸ. ಬರುವ ಹೋಗುವ ಮಾಹಿತಿಯನ್ನೆಲ್ಲ ಜರಡಿ ಹಿಡಿಯುವುದು ಅವಳ ಕೆಲಸವಾದ್ದರಿಂದ ಆ ಹೆಸರು ಬಿದ್ದಿತ್ತು. ಕಟ್ಟಡದಲ್ಲಿ ಏನು ಕಳೆದರೂ, ಕೊಡೆಯಿಂದ ಹಿಡಿದು ಚಂದ್ರನ ಕಲ್ಲಿನವರೆಗೆ, ಜನ ಅವಳ ಬಾಗಿಲು ತಟ್ಟುತ್ತಿದ್ದರು. ಮೇಷ್ಟ್ರು ಅವಳ ಬೆನ್ನಿಗೆ ನೆರಳು. ಅವಳು ಯಂತ್ರಗಳನ್ನು ಬಲ್ಲಳು, ಅವರು ಮನುಷ್ಯರನ್ನು. ಹೀಗೆಂದು ಮೇಷ್ಟ್ರು ತಮ್ಮನ್ನು ತಾವೇ ಹೊಗಳಿಕೊಳ್ಳುವುದಿತ್ತು.

"ಚಾಕು ಇಟ್ಕೊಂಡೋರೆಲ್ಲ ಕೊಲೆಗಾರರಾದ್ರೆ ಅಡುಗೆಯೋರನ್ನೆಲ್ಲ ಜೈಲಿಗೆ ಹಾಕ್ಬೇಕಾಗುತ್ತೆ," ಎಂದು ನಿರ್ದೇಶಕರಿಗೆ ಹೇಳಿ ಅವಳು ತನ್ನ ಕೋಣೆಗೆ ನಡೆದಳು. ಮೇಷ್ಟ್ರೂ ಹಿಂಬಾಲಿಸಿದರು.

ಜಾಲದ ಹೆಬ್ಬಾಗಿಲಲ್ಲಿ ಅವಳೊಂದು ಎಚ್ಚರಿಕೆಯ ಸಾಧನ ಕೂರಿಸಿದ್ದಳು; ಹೊರಗಿನಿಂದ ಯಾರಾದರೂ ನುಸುಳಿದರೆ ಅದು ಬೊಬ್ಬೆ ಹಾಕುತ್ತಿತ್ತು. ಅದು ಸುಮ್ಮನಿತ್ತು. ಎಂದರೆ ಕಳ್ಳತನ ಒಳಗಿನದೇ. ವೈರ್‌ಶಾರ್ಕ್ ಹಿಡಿದಿಟ್ಟಿದ್ದ ಹಿಂದಿನ ದಿನದ ಸಂಚಾರವನ್ನು ಅವಳು ಸೋಸುತ್ತ ಹೋದಳು. ಊಟದ ಬಿಡುವಿನಲ್ಲಿ ಒಂದು ವಿಚಿತ್ರ ಕಂಡಿತು. ಆಜ್ಞೆ ಬಂದದ್ದು ಮಕ್ಕಳ ಸಭಾಂಗಣದಲ್ಲಿ ನೌಕೆ ನಡೆಸುವ ಆಟಕ್ಕೆಂದು ಇಟ್ಟಿದ್ದ ಜೋಡಣೆ ಯಂತ್ರದಿಂದ. ಅಷ್ಟೇ ಅಲ್ಲ, ಅಳಿಸುವ ಮೊದಲು ಇಡೀ ಧ್ವನಿ ಆ ಯಂತ್ರಕ್ಕೆ ಹರಿದು ಬಂದಿತ್ತು.

"ಸುಡೋಕೆ ಬಂದೋರು ಹೊತ್ಕೊಂಡು ಹೋಗಲ್ಲ, ಮೇಷ್ಟ್ರೇ. ಯಾರೋ ಅದನ್ನ ಜೋಪಾನ ಮಾಡಿದ್ದಾರೆ," ಎಂದಳು.

ಮುಂದೆ ಎನ್‌ಮ್ಯಾಪ್ ಎಂಬ ಇನ್ನೊಂದು ಸಾಧನ ಓಡಿಸಿದಳು. ಬೀದಿಯ ಪ್ರತಿ ಮನೆಯ ಬಾಗಿಲು ತಟ್ಟಿದ ಹಾಗೆ ಜಾಲದ ಪ್ರತಿ ಕಂಪ್ಯೂಟರನ್ನೂ ತಟ್ಟಿ, ಯಾವುದು ತೆರೆದಿದೆ ಯಾವುದು ಮುಚ್ಚಿದೆ ಎಂದು ಹೇಳುವಂಥದ್ದು ಅದು. ಜೋಡಣೆ ಯಂತ್ರಕ್ಕಾಗಿ ಧ್ವನಿ ಭಂಡಾರದ ಕಂಪ್ಯೂಟರಿನಲ್ಲಿ ಇಟ್ಟಿದ್ದ ಬಾಗಿಲು ಭದ್ರವಾಗಿ ಮುಚ್ಚಿತ್ತು. ಕಿವಿಯಣ್ಣ ಇದನ್ನು ಕೇಳಿ ನಿರ್ದೇಶಕರ ಕಡೆ ವಾಲಿದ. ಮುಚ್ಚಿದ ಬಾಗಿಲಿನಿಂದ ಯಾರೂ ಬರಲಾರರು, ಪರೀಕ್ಷಕಿ ತನ್ನ ಲ್ಯಾಪ್‌ಟಾಪಿಗೆ ಆ ಯಂತ್ರದ ವಿಳಾಸದ ಮುಖವಾಡ ತೊಡಿಸಿರಬೇಕು ಎಂದ. ಮೇಷ್ಟ್ರಿಗೂ ಹಾಗೇ ಅನ್ನಿಸಿತು.

ಜರಡಿಯಕ್ಕ ಮಾತ್ರ ಸಭಾಂಗಣಕ್ಕೆ ಹೋಗಿ ಯಂತ್ರದ ಮುಂದೆ ನಿಂತಳು. ನೌಕೆಯ ಮೂತಿಯ ಪಡಿಯಚ್ಚು ಅದು. ಒಳಗೆ ಒಂದು ಆಸನ, ಎರಡು ಹಿಡಿಕೆ, ಎದುರಿಗೆ ಪರದೆ. ತೇಲುವ ನಿಲ್ದಾಣಕ್ಕೆ ನೌಕೆಯನ್ನು ಕೈಯಾರೆ ನಡೆಸಿ ಜೋಡಿಸಬೇಕು. ಬಂದ ಮಕ್ಕಳೂ ಅವರ ಅಪ್ಪಂದಿರೂ ಒಬ್ಬರಾದ ಮೇಲೊಬ್ಬರು ಡಿಕ್ಕಿ ಹೊಡೆದು ನಗುತ್ತ ಇಳಿಯುತ್ತಿದ್ದರು. ಆಸನದ ಹಿಂದೆ ರಿಪೇರಿಯವರಿಗೆಂದು ಇಟ್ಟಿದ್ದ ಕೀಲಿಮಣೆಯ ಮೇಲಿನ ದೂಳು ಒರೆಸಿದಂತಿತ್ತು.

ಈ ಯಂತ್ರ ಧ್ವನಿ ಭಂಡಾರದ ಜೊತೆ ಮಾತಾಡುವುದು ಯಾವಾಗ ಎಂದು ಅವಳು ಕೇಳಿದಳು. ಮೇಷ್ಟ್ರು ನೆನಪು ಮಾಡಿಕೊಂಡರು. ಜೋಡಣೆ ಸರಿಯಾದರೆ ಅದು ಭಂಡಾರದಿಂದ ಒಂದು ಹಳೆಯ ಧ್ವನಿ ತರಿಸಿಕೊಂಡು ಕೇಳಿಸುತ್ತದೆ. ಅಂದು ನಿಜವಾದ ಜೋಡಣೆಯಾದಾಗ ನೆಲದ ಕೇಂದ್ರದವರು ಹೇಳಿದ ಅಭಿನಂದನೆ ಅದು. ಯಂತ್ರ ಮಾಡಿಕೊಟ್ಟವರು ಮೊದಲ ದಿನ ಅದನ್ನು ಕೇಳಿಸಿ ತೋರಿಸಿದ್ದರು. ಆಮೇಲೆ ತಾವು ಒಮ್ಮೆಯೂ ಕೇಳಿಲ್ಲ. ಪರೀಕ್ಷಕಿಯೇ ದಿನಾ ಚಹಾದ ಹೊತ್ತಿಗೆ ಬಂದು ಕೂತು, ದಿನಾ ನಿಲ್ದಾಣವನ್ನು ಗುದ್ದಿ ಹೋಗುತ್ತಿದ್ದಳು.

ಜರಡಿಯಕ್ಕನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಸಂಜೆ ಎಲ್ಲರನ್ನೂ ಇಲ್ಲಿಗೇ ಕರೀರಿ. ಪೈಲಟ್ಟರ ಮಗಳನ್ನೂ," ಎಂದಳು.

ಸಂಜೆ ಎಲ್ಲರೂ ಯಂತ್ರದ ಸುತ್ತ ಸೇರಿದರು. ಪೈಲಟ್ಟರ ಮಗಳು ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಆಪರೇಷನ್ನಿನ ಟೋಪಿ ಬಿಗಿದಿದ್ದ ಗುರುತು ಹಣೆಯ ಮೇಲಿತ್ತು. ಬಂದವಳೇ ಕ್ಯಾಪ್ಟನ್ನರನ್ನು ದೊಡ್ಡಪ್ಪ ಎಂದು ಕರೆದು ಕೈ ಹಿಡಿದುಕೊಂಡಳು. ಅವರು ಕೈ ಬಿಡಿಸಿಕೊಂಡು ದೂರ ಹೋಗಿ ನಿಂತದ್ದನ್ನು ಮೇಷ್ಟ್ರು ಗಮನಿಸಿದರು, ಅರ್ಥವಾಗಲಿಲ್ಲ.

ಜರಡಿಯಕ್ಕ ನಡೆದದ್ದನ್ನು ಒಂದೊಂದಾಗಿ ಬಿಡಿಸಿಟ್ಟಳು. ಕಳ್ಳ ಹೊರಗಿನವನಲ್ಲ, ಹೆಬ್ಬಾಗಿಲ ಎಚ್ಚರಿಕೆ ಕೂಗಿಲ್ಲ. ಪಾಸ್‌ವರ್ಡ್ ಸಭೆಯಲ್ಲಿದ್ದವರೆಲ್ಲರ ಕಣ್ಣಿಗೂ ಬಿದ್ದಿದೆ, ಅದರಿಂದ ಯಾರನ್ನೂ ಬೊಟ್ಟು ಮಾಡುವಂತಿಲ್ಲ. ಕಿವಿಯಣ್ಣನಿಗಾದರೆ ಭಂಡಾರಕ್ಕೆ ತನ್ನ ಮೇಜಿನಿಂದಲೇ ದಾರಿಯಿದೆ, ಮಕ್ಕಳ ಯಂತ್ರದ ಸುತ್ತುದಾರಿ ಅವನಿಗೆ ಬೇಕಿಲ್ಲ.

"ಈಗ ವಿಳಾಸದ ವಿಷ್ಯ. ಪರೀಕ್ಷಕಿ ಮುಖವಾಡ ಹಾಕ್ಕೊಂಡಿರಬಹುದು ಅಂದ್ರಿ. ಆದ್ರೆ ಮುಖವಾಡ ಹಾಕಿದ್ರೂ ಬಾಗಿಲು ತೆರೆದಿರಬೇಕಲ್ಲ? ಈ ಯಂತ್ರದಲ್ಲಿ ಜೋಡಣೆ ಸರಿಯಾದ್ರೆ ಮಾತ್ರ ಭಂಡಾರದ ಬಾಗಿಲು ಸ್ವಲ್ಪ ಹೊತ್ತು ತೆರೆಯುತ್ತೆ. ನಿನ್ನೆ ಆಜ್ಞೆ ಹೋಗೋಕೆ ಮುಂಚೆ ಆ ಅಭಿನಂದನೆಯ ಧ್ವನಿ ತಂತಿಯಲ್ಲಿ ಹರಿದಿದೆ. ನಾನೇ ನೋಡಿದೆ. ಅಂದ್ರೆ ಊಟದ ಬಿಡುವಿನಲ್ಲಿ ಯಾರೋ ಇಲ್ಲಿ ಕೂತು ನೌಕೆ ಜೋಡಿಸಿದ್ದಾರೆ."

ಅವಳು ಪರೀಕ್ಷಕಿಯನ್ನು ಆಸನಕ್ಕೆ ಕರೆದಳು. ನೌಕೆ ನಿಲ್ದಾಣದ ರೆಕ್ಕೆಗೆ ಬಡಿಯಿತು. ಕಿವಿಯಣ್ಣ ಕೂತ, ನೌಕೆ ಗಿರಗಿರನೆ ಸುತ್ತಿ ಕತ್ತಲಿಗೆ ಹೋಯಿತು. ನಿರ್ದೇಶಕರು ಹಿಂದೆ ಸರಿಯಲು ನೋಡಿ, ಎಲ್ಲರೂ ನೋಡುತ್ತಿದ್ದಾರೆಂದು ಕೂತು, ಎಲ್ಲರಿಗಿಂತ ಜೋರಾಗಿ ಗುದ್ದಿದರು.

"ಇವಳ ಕೈಲಿ ಆಗೋ ಕೆಲಸ ಅಲ್ಲ ಅಂತ ಬೆಳಿಗ್ಗೆ ಒಬ್ಬರು ಹೇಳಿದ್ರು," ಎಂದಳು ಜರಡಿಯಕ್ಕ. ಅವಳ ದನಿ ತಗ್ಗಿತು. "ಇದು ಕೈಯಿಂದ ಆದ ಕೆಲಸ ಅಂತ ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಮಾಡಿದೋರಿಗೆ ಮಾತ್ರ ಗೊತ್ತಿತ್ತು."

ಯಾರೂ ತಿರುಗಿ ನೋಡಬೇಕಾಗಲಿಲ್ಲ. ಕ್ಯಾಪ್ಟನ್ನರು ಕೋಲನ್ನು ಮೇಷ್ಟ್ರ ಕೈಗೆ ಕೊಟ್ಟು ತಾವಾಗಿಯೇ ಆಸನದಲ್ಲಿ ಕುಳಿತರು. ಎರಡೂ ಹಿಡಿಕೆಗಳ ಮೇಲೆ ಬೆರಳಿಟ್ಟರೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಹಿಡಿದರು. ಪರದೆಯ ಮೇಲೆ ನೌಕೆ ಅವಸರವಿಲ್ಲದೆ ಸಾಗಿ, ಒಂದಿಷ್ಟೂ ಅಲುಗದೆ ನಿಲ್ದಾಣಕ್ಕೆ ಕೂಡಿಕೊಂಡಿತು. ಎಂದೋ ಸತ್ತುಹೋದ ಯಾರದೋ ಗಂಟಲು, ಜೋಡಣೆ ಸರಿಯಾಗಿದೆ, ಶುಭಾಶಯ ಎಂದಿತು. ಅವರು ಅಂಗಿಯ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಜರಡಿಯಕ್ಕನ ಅಂಗೈಯಲ್ಲಿಟ್ಟರು.

ಕಂಪ್ಯೂಟರ್ ತಮಗೆ ಬರುವುದಿಲ್ಲ ಎಂದು ತಾವೇನೂ ಹೇಳಿರಲಿಲ್ಲ, ಎಲ್ಲರೂ ಹಾಗೆ ತಿಳಿದಿದ್ದರು ಎಂದರು ಅವರು. ಹಾರುವ ಕಾಲದಲ್ಲಿ ಒಂದೊಂದು ಆಜ್ಞೆಯನ್ನೂ ಕೈಯಾರೆ ಒತ್ತಿದವರು ತಾವು. ಸಭೆಯಲ್ಲಿ ಕಣ್ಣುಮುಚ್ಚಿದ್ದು, ಒಮ್ಮೆ ಕಂಡ ಪಾಸ್‌ವರ್ಡನ್ನು ಬಾಯಿಪಾಠ ಮಾಡಿಕೊಳ್ಳುವುದಕ್ಕೆ. ಅಪವಾದ ಪರೀಕ್ಷಕಿಯ ತಲೆಗೆ ಬರುತ್ತದೆಂದು ಎಣಿಸಿರಲಿಲ್ಲ. ಅವಳನ್ನು ಪೊಲೀಸರಿಗೆ ಕೊಡುವ ಮೊದಲು ಹೇಗಿದ್ದರೂ ತಾವೇ ಒಪ್ಪಿಕೊಳ್ಳುವವರಿದ್ದರು.

"ಯಾಕೆ ದೊಡ್ಡಪ್ಪ?" ಎಂದಳು ಮಗಳು.

"ಅದರಲ್ಲಿ ಆ ಮಾತಿಲ್ಲ, ಮಗಳೇ. ಗೋಡೆ ಮೇಲೆ ಇದೆಯಲ್ಲ, ಅದು. ಅವನು ಅದನ್ನ ಹೇಳ್ಲೇ ಇಲ್ಲ." ಕ್ಯಾಪ್ಟನ್ನರು ಅವಳ ಮುಖ ನೋಡಲಿಲ್ಲ. "ನಾನು ವಾಪಸ್ ಬಂದಾಗ ನೀನು ಅಮ್ಮನ ತೊಡೆ ಮೇಲಿದ್ದೆ. ಅಪ್ಪ ಏನಂದ್ರು ಅಂತ ಕೇಳ್ದೆ. ಅವನು ಬರೀ ಅಂಕಿ ಹೇಳ್ತಿದ್ದ ಅಂತ ಮಗೂಗೆ ಹೇಗೆ ಹೇಳ್ಲಿ? ಬಾಯಿಗೆ ಬಂದದ್ದು ಹೇಳ್ದೆ. ಅದು ಕಲ್ಲಿಗೆ ಹತ್ತುತ್ತೆ ಅಂತ ಗೊತ್ತಿರಲಿಲ್ಲ."

ನಿರ್ದೇಶಕರು ಪರೀಕ್ಷಕಿಯ ಬಳಿ ಹೋಗಿ ಏನೋ ಗೊಣಗಿದರು, ಕ್ಷಮೆಯೇ ಇರಬೇಕು. ಅವಳು ತಲೆಯಾಡಿಸಿದಳು, ಆದರೆ ತಾನು ಬರೆದುಕೊಟ್ಟ ಸಲಹೆಗಳನ್ನು ಈ ಸಲವಾದರೂ ಪೂರ್ತಿ ಓದಬೇಕೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕಿವಿಯಣ್ಣ ನೆಲ ನೋಡಿದ.

ಪೈಲಟ್ಟರ ಮಗಳು ಧ್ವನಿ ಹಾಕಲು ಕೇಳಿದಳು. ಬೇರೆಯವರು ಹೊರಡಲೆದ್ದರೆ ಬೇಡವೆಂದು ಕೈಸನ್ನೆ ಮಾಡಿದಳು.

ಮಧ್ಯವಯಸ್ಸಿನ ಗಂಡಸೊಬ್ಬನ ಸಮಾಧಾನದ ಕಂಠ. "ಒತ್ತಡ ನಲವತ್ತೆರಡು." ಬಿಡುವು. "ನಲವತ್ತು. ಬಾಗಿಲು ಬಿಗಿಯಾಗಿದೆ." ಬಿಡುವು. "ಮೂವತ್ತೇಳು. ನಿನ್ನ ಕಡೆ ಸೋರ್ತಾ ಇಲ್ಲ. ಬಿಡಿಸ್ಕೋ." ಅಂಕಿಗಳು ಇಳಿಯುತ್ತ ಹೋದವು, ದನಿ ಇಳಿಯಲಿಲ್ಲ. ಆಮೇಲೆ ಮಾತುಗಳ ನಡುವೆ ಉಸಿರು ಉದ್ದವಾಯಿತು. ಒಂದು ಅಂಕಿಯ ಅರ್ಧಕ್ಕೆ ಧ್ವನಿ ನಿಂತಿತು.

ಮೇಷ್ಟ್ರು ಕಣ್ಣೊರೆಸಿಕೊಂಡರು. ಮಗಳ ಕಣ್ಣು ಒಣಗಿತ್ತು, ಮುಖ ಮಾತ್ರ ಸಡಿಲಾಗಿತ್ತು.

"ನಾನೂ ಆಪರೇಷನ್ ಥಿಯೇಟರಿನಲ್ಲಿ ಹೀಗೇ ಓದ್ತೀನಿ," ಎಂದಳು. "ರೋಗಿಯ ಒತ್ತಡ ಎಷ್ಟೇ ಇಳೀಲಿ, ಇದೇ ದನೀಲಿ. ಕುಯ್ಯೋರ ಕೈ ನಡುಗಬಾರದು ಅಂತ. ಯಾರೂ ಕಲಿಸಿದ್ದಲ್ಲ." ಕ್ಯಾಪ್ಟನ್ನರ ಕಡೆ ತಿರುಗಿದಳು. "ಹೆದರಲಿಲ್ಲ ಅಂದ ಅಪ್ಪ ನನಗೆ ದೂರದವರಾಗಿದ್ರು, ದೊಡ್ಡಪ್ಪ. ನಾನು ಎಷ್ಟೋ ಸಲ ಹೆದರಿದ್ದೀನಲ್ಲ. ಈ ಅಂಕಿ ಓದೋ ಅಪ್ಪ ಹಾಗಲ್ಲ. ಇವರ ಪರಿಚಯ ನನಗಿದೆ."

ಕ್ಯಾಪ್ಟನ್ನರು ನೌಕೆಯ ಆಸನದಲ್ಲೇ ಕುಗ್ಗಿ ಕುಳಿತಿದ್ದರು.

"ಟೇಪಿನಲ್ಲಿ ಅವರ ಮಾತು ಮಾತ್ರ ಇದೆ. ನಡುನಡುವೆ ನೀವೇನು ಹೇಳ್ತಿದ್ರಿ?" ಎಂದು ಮಗಳು ಕೇಳಿದಳು.

"ನನ್ನ ಕಡೆ ಮಾಪಕ ಎಲ್ಲ ಕೆಟ್ಟಿತ್ತು. ಅವನ ಅಂಕಿ ನಂಬ್ಕೊಂಡೇ ಬಿಡಿಸ್ಕೋಬೇಕಿತ್ತು. ಪ್ರತಿ ಅಂಕಿಗೂ 'ಸರಿ' ಅಂತಿದ್ದೆ. ಅಷ್ಟೇ."

ಅವಳು ಒಂದು ಕುರ್ಚಿ ಎಳೆದು ಅವರ ಪಕ್ಕಕ್ಕೆ ಹಾಕಿಕೊಂಡು ಕುಳಿತಳು. ಇನ್ನೊಮ್ಮೆ ಹಾಕಲು ಕಿವಿಯಣ್ಣನಿಗೆ ಹೇಳಿದಳು. ಜರಡಿಯಕ್ಕ ಮೇಷ್ಟ್ರ ತೋಳು ಮುಟ್ಟಿ ಹೊರಡೋಣವೆಂದು ಸನ್ನೆ ಮಾಡಿದಳು. ಅವರಿಬ್ಬರೂ ಬಾಗಿಲು ದಾಟುವಾಗ ಆ ಸಮಾಧಾನದ ಕಂಠ ಮತ್ತೆ ಒತ್ತಡ ನಲವತ್ತೆರಡು ಎಂದಿತು. ಬಿಡುವಿನಲ್ಲಿ, ಈ ಸಲ, ಮುದಿ ಗಂಟಲೊಂದು ಮೆಲ್ಲನೆ "ಸರಿ" ಎಂದಿತು.