ಬ್ಯಾನರಿನ ಕೆಂಪು ಸಾಲು

"ಆಂಟಿ, ಸಂಜೆಯೊಳಗೆ ಮನೆ ಬಿಡು ಅಂದಿದ್ದಾಳೆ ಅಕ್ಕ. ದೇವರಾಣೆಗೂ ನಾನು ಮಾಡಿಲ್ಲ," ಎನ್ನುತ್ತ ಮೇಲಿನ ಮನೆಯ ಅಕ್ಕತಂಗಿಯರಲ್ಲಿ ತಂಗಿ ನಮ್ಮ ಬಾಗಿಲಲ್ಲೇ ಅಳತೊಡಗಿದಳು.

ನನ್ನ ಅತ್ತೆ ಪೇಪರ್ ಮಡಚಿಟ್ಟರು. ನಮ್ಮ ಕಟ್ಟಡದಲ್ಲಿ ಏನೇ ಕಳೆದುಹೋದರೂ, ಯಾರ ಮೇಲೆ ಯಾರು ದೂರಿದರೂ ಮೊದಲ ಫಿರ್ಯಾದು ಬರುವುದು ಅವರ ಹತ್ತಿರವೇ. ಅನುಮಾನ ಪಡುವುದು ಅತ್ತೆಯಂದಿರ ಹುಟ್ಟುಗುಣ ಎಂದು ನಾನು ಬೆನ್ನ ಹಿಂದೆ ನಗುವುದುಂಟು. ಆದರೆ ಅವರು ಎದ್ದರೆಂದರೆ ಮೊದಲು ಚಪ್ಪಲಿ ಮೆಟ್ಟುವವಳೂ ನಾನೇ.

ತಂಗಿ ಹೇಳಿದ್ದಿಷ್ಟು. ಅವಳ ಅಕ್ಕ ಇಂಟರ್ನೆಟ್ಟಿನ ಚಾನೆಲ್ಲಿನಲ್ಲಿ ಸಂಜೆ ಹೊತ್ತು ನೇರಪ್ರಸಾರದಲ್ಲಿ ಹೊಲಿಗೆ ಕಲಿಸುತ್ತಾಳೆ. ಚಾನೆಲ್ಲಿನ ನೆತ್ತಿಯ ಮೇಲಿನ ಉದ್ದನೆಯ ಚಿತ್ರ, ಅಂದರೆ ಬ್ಯಾನರ್, ಮಾಡುವವಳು ತಂಗಿ. ಹೊಸ ಬ್ಯಾನರಿನಲ್ಲಿ ತನ್ನ ಹೆಸರೂ ಇರಲಿ ಎಂದು ಅವಳು ಕೇಳಿದ್ದಳು, ಅಕ್ಕ ಒಪ್ಪಿರಲಿಲ್ಲ, ಇಬ್ಬರಿಗೂ ಜಗಳವಾಗಿತ್ತು. ಈವತ್ತು ಬೆಳಿಗ್ಗೆ ನೋಡಿದರೆ ಅದೇ ಬ್ಯಾನರಿನ ಮೇಲೆ ಯಾರೋ ಏನೋ ಗೀಚಿದ್ದರು.

ಮೇಲೆ ಹೋದೆವು. ಹಾಲಿನ ತುಂಬ ದೀಪದ ಕಂಬಗಳು, ಬಟ್ಟೆಯ ತಾನುಗಳು. ಟೀವಿಯ ಪರದೆ ತುಂಬ ಬ್ಯಾನರ್: ನಡುವೆ ಹೊಲಿಗೆ ಯಂತ್ರ, ಪಕ್ಕದಲ್ಲಿ ನಗುವ ಅಕ್ಕ, ಮೇಲೆ ನೀಲಿ ಬಣ್ಣದ ಬಯಲು. ಆ ನೀಲಿಯ ಮೇಲೆ ಕೆಂಪಕ್ಷರದ ಒಂದು ಸಾಲು: "ಕಲಿಸುವವಳಿಗೇ ಹೊಲಿಗೆ ಬರುವುದಿಲ್ಲ."

"ಊರೆಲ್ಲ ನೋಡಿರ್ತಾರೆ," ಎಂದಳು ಅಕ್ಕ. "ಈ ಕೆಲಸ ಬರೋದು ನಮ್ಮನೇಲಿ ಇವಳೊಬ್ಬಳಿಗೇ."

"ಚಾನೆಲ್ಲಿನ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?" ಅತ್ತೆ ಕೇಳಿದರು.

ಅಕ್ಕ, ತಂಗಿ, ಅಕ್ಕನ ಗಂಡ. ಜೊತೆಗೆ, ಅಕ್ಕ ಹುಷಾರಿಲ್ಲದೆ ಮಲಗಿದ್ದಾಗ ಪ್ರಸಾರ ನಡೆಸಿಕೊಟ್ಟಿದ್ದ ಅವಳ ಗೆಳತಿ.

ಗಂಡ ಮೂಲೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. "ನನ್ನನ್ಯಾಕೆ ಹಾಗೆ ನೋಡ್ತೀರಿ? ಕಾಲು ಚಾಚೋಕೆ ಜಾಗ ಇಲ್ಲದ ಮನೆ ಇದು. ಕೇಡು ಮಾಡೋ ಹಾಗಿದ್ರೆ ಈ ದೀಪಾನೇ ಒಡೆದು ಹಾಕ್ತಿದ್ದೆ. ಬೆಳಿಗ್ಗೆ ಟೀವಿ ಹಾಕಿ, ಇದನ್ನ ನೋಡಿ, ಇವಳನ್ನ ಕೂಗಿದವನೇ ನಾನು."

ನನಗಂತೂ ಅವನ ಮೇಲೆಯೇ ಗುಮಾನಿ. ಮೂಲೆಯಲ್ಲಿ ಕೂತು ಗೊಣಗುವ ಗಂಡಸರನ್ನು ನಾನು ನಂಬುವವಳಲ್ಲ.

"ನಾನು ಹೇಳೋ ತನಕ ಬ್ಯಾನರ್ ಯಾರೂ ಮುಟ್ಟಬೇಡಿ," ಎಂದು ಅತ್ತೆ ಹೊರಟರು. ಮೆಟ್ಟಿಲಿಳಿಯುತ್ತ ನನ್ನ ಫೋನಿನಲ್ಲಿ ಚಾನೆಲ್ ತೆರೆದೆ. ಯಂತ್ರವಿತ್ತು, ಅಕ್ಕನ ನಗು ಇತ್ತು, ಕೆಂಪು ಸಾಲು ಮಾತ್ರ ಇರಲಿಲ್ಲ. "ಆಗಲೇ ಯಾರೋ ಅಳಿಸಿಬಿಟ್ರು ಅತ್ತೆ!" ಎಂದೆ. ಅತ್ತೆ ಫೋನನ್ನು ನೋಡಿ "ಹೂಂ" ಎಂದರು, ಅಷ್ಟೇ.

ಗೆಳತಿಯದು ಎದುರು ಬೀದಿಯ ಒಂಟಿ ಕೋಣೆ. ಒಂದು ಮಂಚ, ಒಂದು ಹೊಲಿಗೆ ಯಂತ್ರ, ಕೈಯಲ್ಲಿ ಫೋನು. ಅತ್ತೆ ಸುತ್ತ ಕಣ್ಣಾಡಿಸಿ, "ಟೀವಿ ಇಲ್ವೇನಮ್ಮಾ?" ಎಂದರು.

"ಅದೆಲ್ಲಿ ಆಂಟಿ, ನಂಗೆ ಎಲ್ಲಾ ಫೋನಲ್ಲೇ. ಬೆಳಿಗ್ಗೆ ಅವಳು ಅಳ್ತಾ ಫೋನ್ ಮಾಡಿ, ಬ್ಯಾನರ್ ಕೆಡಿಸಿದಾರೆ ಅಂದ್ಲು. ತಕ್ಷಣ ಇದರಲ್ಲೇ ನೋಡ್ದೆ. ಆ ಕೆಂಪಕ್ಷರ ನೋಡಿ ಹೊಟ್ಟೆ ಉರಿದುಹೋಯ್ತು. ಸ್ವಂತ ತಂಗಿ ಹೀಗೆ ಮಾಡೋದಾ?"

ಸಂಜೆ ಪ್ರಸಾರಕ್ಕೆ ಮುಂಚೆ ಅತ್ತೆ ಎಲ್ಲರನ್ನೂ ಮೇಲಿನ ಹಾಲಿನಲ್ಲಿ ಕೂರಿಸಿದರು. ಟೀವಿಯಲ್ಲಿ ಕೆಂಪು ಸಾಲು ಹಾಗೇ ಇತ್ತು. ನಾನು ಕಣ್ಣುಜ್ಜಿಕೊಂಡೆ.

"ಎಲ್ಲರೂ ಫೋನ್ ತೆಗೆದು ಚಾನೆಲ್ ನೋಡಿ," ಎಂದರು ಅತ್ತೆ.

ನೋಡಿದೆವು. ಯಾರ ಫೋನಿನಲ್ಲೂ ಆ ಸಾಲಿರಲಿಲ್ಲ.

"ಯಾಕೆ ಅಂತ ನೀನೇ ಹೇಳು ಮಗಳೇ," ಎಂದು ತಂಗಿಯ ಕಡೆ ತಿರುಗಿದರು.

"ಬ್ಯಾನರ್ ಪೂರ್ತಿ ಕಾಣೋದು ಟೀವಿಯಲ್ಲಿ ಮಾತ್ರ ಆಂಟಿ. ಫೋನಲ್ಲಿ ನಡುವಿನ ತುಂಡಷ್ಟೇ. ಅದಕ್ಕೇ ಮುಖ್ಯವಾದ್ದೆಲ್ಲ ನಡುವೆ ಇಟ್ಟು, ಮೇಲೆ ಕೆಳಗೆ ಬೇಕಂತಲೇ ಖಾಲಿ ಬಿಡ್ತೀವಿ."

"ಕೇಳಿದ್ರಾ? ಅಕ್ಕನ ಮಾನ ಕಳೀಬೇಕು ಅನ್ನೋಳು, ಫೋನಲ್ಲಿ ಯಾರಿಗೂ ಕಾಣದ ಜಾಗದಲ್ಲಿ ಬರೀತಾಳಾ? ಇದು ಬ್ಯಾನರಿನ ಕೆಲಸ ಗೊತ್ತಿಲ್ಲದವರು ಮಾಡಿದ್ದು. ಖಾಲಿ ಜಾಗ ಕಂಡಿದೆ, ಬರೆದಿದಾರೆ. ಇನ್ನು ಗಂಡ. ಟೀವಿ ನೋಡಿ ತಾನೇ ಕೂಗಿ ಹೇಳಿದ. ಬರೆದವನಾಗಿದ್ರೆ ನಾಲ್ಕು ಜನ ನೋಡಲಿ ಅಂತ ತೆಪ್ಪಗಿರ್ತಿದ್ದ." ಅತ್ತೆ ಗೆಳತಿಯ ಮುಂದೆ ಬಂದು ನಿಂತರು. "ನೀನು ಫೋನಲ್ಲಿ ನೋಡ್ದೆ ಅಂದೆಯಲ್ಲ, ಆ ಕೆಂಪಕ್ಷರ ತೋರಿಸಮ್ಮಾ."

ಗೆಳತಿ ಫೋನನ್ನು ಮೇಲೆ ಕೆಳಗೆ ಎಳೆದಾಡಿದಳು. "ಇವಳೇ ಹೇಳಿದ್ಲು... ಕೆಂಪು ಅಂತ..."

"ನಾನು ಬಣ್ಣ ಹೇಳಲೇ ಇಲ್ಲ," ಎಂದಳು ಅಕ್ಕ.

"ಪೂರ್ತಿ ಚಿತ್ರ ನಿನ್ನ ಹತ್ರ ಹೇಗೆ ಬಂತು?" ಅತ್ತೆ ಗೆಳತಿಯನ್ನು ಕೇಳಿದರು.

"ಹೇಗಿದೆ ಹೇಳಿ ಅಂತ ನಾನೇ ಕಳಿಸಿದ್ದೆ," ಎಂದಳು ತಂಗಿ.

ಗೆಳತಿ ತಲೆ ತಗ್ಗಿಸಿ ಒಪ್ಪಿಕೊಂಡಳು. ರಾತ್ರಿ ಚಿತ್ರ ಏರಿಸಿದಾಗ ಫೋನಿನಲ್ಲಿ ಬದಲಾದದ್ದು ಕಾಣಲಿಲ್ಲವಂತೆ, ಬರಲು ಹೊತ್ತು ಹಿಡಿಯುತ್ತದೇನೋ ಎಂದು ಮಲಗಿದಳಂತೆ. ಬೆಳಿಗ್ಗೆ ಅಕ್ಕ ಅತ್ತಾಗ ಎಲ್ಲರಿಗೂ ಕಂಡಿದೆ ಎಂದುಕೊಂಡಳಂತೆ. "ನಿಂಗೆ ಹುಷಾರಿಲ್ಲದಾಗ ನಿನ್ನ ಚಾನೆಲ್ ಉಳಿಸಿದ್ದು ನಾನು. ಮುಂದಿನ ಬ್ಯಾನರಲ್ಲಿ ನೀನೂ ಇರ್ತೀಯ ಅಂತ ನೀನೇ ಅಂದಿದ್ದೆ. ಬ್ಯಾನರ್ ಬಂತು, ನಾನೆಲ್ಲಿ? ಇವಳು ಹೋದ್ರೆ ನಂಗೊಂದು ಜಾಗ ಸಿಗುತ್ತೆ ಅಂದ್ಕೊಂಡೆ." ಯಾರ ಮುಖವನ್ನೂ ನೋಡದೆ ಎದ್ದು ಹೋದಳು. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ತಂಗಿ ಕಂಪ್ಯೂಟರ್ ಮುಂದೆ ಕೂತು ಹಳೆಯ ಚಿತ್ರ ಏರಿಸಿದಳು. ಟೀವಿಯಲ್ಲಿ ನೀಲಿ ಮತ್ತೆ ಬರಿದಾಯಿತು.

"ನಿನ್ನ ಹೆಸರೂ ಹಾಕ್ಕೋ, ನಡುವೆಯೇ ಹಾಕ್ಕೋ," ಎಂದು ಅಕ್ಕ ಅವಳ ಭುಜ ಮುಟ್ಟಿದಳು.

"ಯಾರೋ ಬರೆದಿದ್ದನ್ನ ಅಳಿಸಿಬಿಟ್ಟೆ ಅಕ್ಕಾ. ನೀನು ಅಂದಿದ್ದನ್ನ ಹೇಗೆ ಅಳಿಸಲಿ?"

ತಂಗಿಯನ್ನು ಆವತ್ತು ಸಮಾಧಾನ ಮಾಡುವುದು ಅತ್ತೆಯಿಂದಲೂ ಆಗಲಿಲ್ಲ. ತಂಗಿ ಬಟ್ಟೆಯ ಚೀಲ ಎತ್ತಿಕೊಂಡು ನಮ್ಮ ಜೊತೆ ಇಳಿದು ಬಂದಳು, ನನ್ನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮೇಲೆ ಪ್ರಸಾರದ ಹೊತ್ತು ಮೀರಿದರೂ ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲ.