ಡೋರಿಸ್ ವಿಮಾನದ ಕಾಣೆಯಾದ ಹಾಳೆ

2019ನೇ ಇಸವಿ ಜೂನ್ 14, ಶುಕ್ರವಾರ. ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಲಿಂಕನ್‌ಶೈರಿನ ಒಂದು ಸಣ್ಣ ಊರಿನ ಪೊಲೀಸ್ ಠಾಣೆಗೆ ಡಡ್ಲಿ ಕ್ರೇನ್ ಎಂಬುವವರು ಬಂದು ದೂರು ಕೊಟ್ಟರು. ಊರಾಚೆಯ ಹಳೆಯ ವಾಯುನೆಲೆಯಲ್ಲಿ ಹಿಂದಿನ ಕಾಲದ ಯುದ್ಧವಿಮಾನಗಳನ್ನು ಜೋಪಾನ ಮಾಡುವ ಸಂಘಕ್ಕೆ ಅವರು ಕಾರ್ಯದರ್ಶಿ. ಆ ವಿಮಾನಗಳನ್ನು ಹಾರಿಸುವುದಿಲ್ಲ. ತಿಂಗಳಿಗೊಮ್ಮೆ ಎಂಜಿನ್ ಹೊತ್ತಿಸಿ ರನ್‌ವೇ ಮೇಲೆ ಓಡಿಸುತ್ತಾರೆ, ಅಷ್ಟೇ. ಅವುಗಳಲ್ಲಿ 1956ರ ಜೆಟ್ ಒಂದಕ್ಕೆ ಡೋರಿಸ್ ಎಂದು ಹೆಸರು. ಅದರ ದಾಖಲೆ ಪುಸ್ತಕದಿಂದ ಒಂದು ಹಾಳೆಯನ್ನು ಯಾರೋ ಕಿತ್ತಿದ್ದಾರೆ ಎಂಬುದು ದೂರು.

ಇನ್‌ಸ್ಪೆಕ್ಟರ್ ಥರ್ಸ್‌ಬಿ ಓದಿ ತಲೆ ಎತ್ತಿದರು.

"ಒಂದು ಹಾಳೆಗೆ ಪೊಲೀಸರಾ?"

"ಈ ಭಾನುವಾರ ಡೋರಿಸ್ ಓಡಿಸ್ತೀವಿ, ಆಗ ಎನಿಡ್ ಪಿಕ್‌ವರ್ತ್ ಬರ್ತಾರೆ ಸರ್. ಅವರಿಗೆ ತೋರಿಸಬೇಕಾಗಿದ್ದೇ ಆ ಹಾಳೆ."

1961ರ ಮಾರ್ಚ್ 14ರಂದು ಎನಿಡ್ ಅವರ ಅಣ್ಣ, ವಾಯುಪಡೆಯಲ್ಲಿದ್ದ ಹತ್ತೊಂಬತ್ತು ವರ್ಷದ ಅಲನ್, ಶುಚಿ ಮಾಡಲೆಂದು ಡೋರಿಸ್ ಒಳಗೆ ಹತ್ತಿದ್ದ. ಅಪಾಯ ಬಂದಾಗ ಪೈಲಟನನ್ನು ಆಚೆಗೆ ಚಿಮ್ಮಿಸುವ ಸೀಟು ಸಿಡಿಯಿತು. ಹುಡುಗ ಶೆಡ್ಡಿನ ಸೂರಿಗೆ ಬಡಿದು ಸತ್ತ. ಸೀಟು ಸಿಡಿಯದಂತೆ ತಡೆಯುವ ಸುರಕ್ಷತಾ ಪಿನ್ ಹಾಕಿತ್ತು, ಅದನ್ನು ಅವನೇ ಕಿತ್ತಿರಬೇಕು ಎಂದು ಅಂದಿನ ವಿಚಾರಣೆ ಮುಗಿಯಿತು. ಆ ಕಾಲದ ಪುಸ್ತಕ ಸಂಘದ ಕೈ ಸೇರಿದ್ದು ಈ ವಾರವಷ್ಟೇ.

ಥರ್ಸ್‌ಬಿ ಎನಿಡ್‌ಗೆ ಫೋನ್ ಮಾಡಿದರು. ಎಪ್ಪತ್ತೊಂದರ ಹೆಂಗಸು, ದನಿ ಗಟ್ಟಿಯಾಗಿತ್ತು.

"ಅಮ್ಮ ಸಾಯೋ ತನಕ ಅಕ್ಕಪಕ್ಕದವರ ಮುಂದೆ ಅವನ ಹೆಸರೆತ್ತಲಿಲ್ಲ, ನಾಚಿಕೆಗೆ. ನನಗೆ ಇನ್ನೊಂದು ವಿಚಾರಣೆ ಬೇಡ ಇನ್‌ಸ್ಪೆಕ್ಟರ್. ಆವತ್ತಿನ ಹಾಳೇಲಿ ಅವನ ಕೈಬರಹ ಇರುತ್ತಂತೆ. ಅದನ್ನ ನೋಡ್ಬೇಕು. ನಮ್ಮನೇಲಿ ಅವನು ಬರೆದ ಒಂದು ಚೀಟಿಯೂ ಉಳಿದಿಲ್ಲ."

10.40ಕ್ಕೆ ಥರ್ಸ್‌ಬಿ ಮತ್ತು ಕಾನ್‌ಸ್ಟೆಬಲ್ ಗ್ವೆನ್ ಆಸ್ಕ್ಯೂ ವಿಮಾನದ ಶೆಡ್ಡಿಗೆ ಹೋಗಿ ಸ್ಥಳ ಮಹಜರು ಮಾಡಿದರು. ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಟೀ ಡಬ್ಬಿಯ ಹಿಂದಿನ ಮೊಳೆಯಲ್ಲಿರುತ್ತದೆಂದು ಆರು ಸದಸ್ಯರಿಗೆ ಗೊತ್ತಿತ್ತು. ಹಿಂದಿನ ದಿನ ಆರೂ ಮಂದಿ ಶೆಡ್ಡಿಗೆ ಬಂದು ಹೋಗಿದ್ದರು. ಗ್ವೆನ್ ಒಬ್ಬೊಬ್ಬರ ಹೇಳಿಕೆ ಬರೆದುಕೊಂಡಳು. ಎಲ್ಲರೂ ಇಲ್ಲವೆಂದರು.

"ನಮ್ಮ ಪಿನ್ ಪಾದ್ರೀನ ಕೇಳಮ್ಮ," ಎಂದ ನಾರ್ಮನ್ ಎಂಬ ಸದಸ್ಯ. "ಅವನ ಕಣ್ಣು ತಪ್ಪಿಸಿ ಇಲ್ಲಿ ಸೊಳ್ಳೇನೂ ಹಾರಲ್ಲ."

ಪಿನ್ ಪಾದ್ರಿ ಎಂದರೆ ಸಿರಿಲ್ ಮಾರ್‌ಫ್ಲೀಟ್, ಎಪ್ಪತ್ತೆಂಟು ವರ್ಷದ ಮೆಕ್ಯಾನಿಕ್. ಇಪ್ಪತ್ತು ವರ್ಷಗಳಿಂದ ಡೋರಿಸ್‌ನ ಸೀಟಿನ ಪಿನ್ನುಗಳನ್ನು ಬೇರೆಯವರು ಮುಟ್ಟಲು ಆತ ಬಿಟ್ಟಿರಲಿಲ್ಲ.

"ಸೀಟಿನ ಸಿಡಿಮದ್ದು ತೆಗೆದು ನಲವತ್ತು ವರ್ಷ ಆಯ್ತು, ಆದ್ರೂ ಇವನ ಪೂಜೆ ನಿಂತಿಲ್ಲ!" ಎಂದ ನಾರ್ಮನ್.

"ಮದ್ದಿಲ್ಲ ಅಂತ ನೀನು ಹೇಳ್ತೀಯ," ಎಂದ ಸಿರಿಲ್. ಉಳಿದವರು ನಕ್ಕರು, ಅವನು ನಗಲಿಲ್ಲ.

ಥರ್ಸ್‌ಬಿ ಕೈಗವಸು ಹಾಕಿಕೊಂಡು ಪುಸ್ತಕ ತೆರೆದರು. ಮಾರ್ಚ್ 13 ಆದ ಮೇಲೆ 15 ಬಂದಿತ್ತು. ಹಾಳೆಯನ್ನು ಹರಿದಿರಲಿಲ್ಲ, ಅಳತೆಪಟ್ಟಿ ಇಟ್ಟು ನೇರವಾಗಿ ಕೊಯ್ದಿದ್ದರು. ರಟ್ಟಿನ ಒಳಬದಿಯಲ್ಲಿ "ಒಟ್ಟು ಹಾಳೆ 64" ಎಂದಿತ್ತು. ಅದಕ್ಕೊಂದು ಗೆರೆ ಎಳೆದು ಪಕ್ಕದಲ್ಲಿ 63 ಎಂದು ಬರೆದು ಚಿಕ್ಕ ಸಹಿ ಹಾಕಿತ್ತು.

"ಇದೇನು, ಕ್ರೇನ್?"

"ಹಾಳೆ ತೆಗೆದವರು ಎಣಿಕೆ ತಿದ್ದಿ ಸಹಿ ಹಾಕ್ಬೇಕು ಸರ್. ವಾಯುಪಡೆ ನಿಯಮ. ಎಲ್ಲ ಪುಸ್ತಕದಲ್ಲೂ ಇರೋದೇ."

"ತಾರೀಖು ಓದಿ."

ಕ್ರೇನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹದಿಮೂರು, ಆರು... ಅಯ್ಯೋ ದೇವರೇ. ನಿನ್ನೆದು."

ಸಹಿ ಸಿ.ಎಂ. ಎಂದಿತ್ತು.

ಸಿರಿಲ್ ಓಡಲಿಲ್ಲ. ರೆಕ್ಕೆಯ ಕೆಳಗೆ ನಿಂತು ಬಟ್ಟೆಯಲ್ಲಿ ಬೆರಳುಗಳನ್ನು ಒರೆಸಿಕೊಳ್ಳುತ್ತಿದ್ದ.

"ಹಾಳೆ ಎಲ್ಲಿ?"

"ಮನೇಲಿ, ಅಡುಗೆಮನೆ ಮೇಜಿನ ಖಾನೇಲಿ."

"ಸುಡಲಿಲ್ಲ ಯಾಕೆ?"

"ದಾಖಲೆ ಸುಡೋ ಹಾಗಿಲ್ಲ ಸರ್."

"ಕದಿಯೋ ಹಾಗಿದೆಯಾ? ಕದ್ದು ಸಹಿ ಹಾಕಿ ಹೋದವರನ್ನ ನಾನು ಇದುವರೆಗೂ ಕಂಡಿಲ್ಲ."

"ನಿಯಮ ಮುರಿದು ಒಂದು ಸಲ ಸಹಿ ಹಾಕಿದ್ದೀನಿ. ಎರಡನೇ ಸಲ ಮುರಿಯೋಕೆ ಕೈ ಏಳಲಿಲ್ಲ."

11.50ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. 1.15ಕ್ಕೆ ಮನೆಯಲ್ಲಿ ಹಾಳೆ ವಶವಾಯಿತು. ಅದರಲ್ಲಿ ಎರಡೇ ಸಾಲು. 8.40: "ಸೀಟಿನ ಪಿನ್ನುಗಳು ಇವೆ, ನೋಡಿದ್ದೇನೆ. ಸಿ. ಮಾರ್‌ಫ್ಲೀಟ್." 9.05: "ಶುಚಿ ಕೆಲಸ ಶುರು. ಎ. ಪಿಕ್‌ವರ್ತ್."

3 ಗಂಟೆಗೆ ವಕೀಲರ ಎದುರಿನಲ್ಲಿ ಹೇಳಿಕೆ ಪಡೆದರು.

"ಪಿನ್ ನೋಡಿದ್ರಾ?"

"ಇಲ್ಲ. ಚಳಿ ಇತ್ತು. ಒಲೆ ಹತ್ರ ಟೀ ಕುಡೀತಾ ಸಹಿ ಹಾಕ್ದೆ. ಅಲನ್ ಆ ಸಹಿ ನಂಬಿ ಹತ್ತಿದ."

"ವಿಚಾರಣೇಲಿ?"

"ನೋಡಿದ್ದೆ ಅಂದೆ. ಇಪ್ಪತ್ತು ವಯಸ್ಸು ನನಗೆ. ಸತ್ತವನು ಎದ್ದು ಬಂದು ಇಲ್ಲ ಅನ್ನಲ್ಲವಲ್ಲ."

"ಐವತ್ತೆಂಟು ವರ್ಷ ಯಾರಿಗೂ ಹೇಳಲಿಲ್ಲ?"

"ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ತಪ್ಪೊಪ್ಪಿಗೆ ಹೇಳ್ತೀನಿ. ಎಲ್ಲರ ಜೊತೆ ಹೇಳೋದು ಸುಲಭ ಸರ್."

ಥರ್ಸ್‌ಬಿ ಹಾಳೆಯನ್ನು ಅವನ ಮುಂದಕ್ಕೆ ಸರಿಸಿದರು. "ಮತ್ತೆ ಈಗ ಹಾಳೆ ಕದ್ದಿದ್ದು ಯಾಕೆ?"

"ಭಾನುವಾರ ಡಡ್ಲಿ ಆ ಸಾಲನ್ನ ಆಯಮ್ಮನಿಗೆ ಓದಿ ಹೇಳ್ತಿದ್ದ. ಪಿನ್ ಇತ್ತು ಅನ್ನುತ್ತೆ ನನ್ನ ಸಹಿ. ಅಂದ್ರೆ, ಕಿತ್ತವನು ನಿಮ್ಮಣ್ಣನೇ ಅಂತ. ಪಕ್ಕದಲ್ಲಿ ನಿಂತು ಅದನ್ನ ಕೇಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಬಾಯಿ ಬಿಡೋಕೆ ಧೈರ್ಯವೂ ಇರ್ಲಿಲ್ಲ."

ಸಂಜೆ ಜಾಮೀನಿನ ಮೇಲೆ ಬಿಟ್ಟರು. 1961ರ ಸಾವಿನ ಕಡತವನ್ನು ಮತ್ತೆ ತೆರೆಯಬೇಕೆಂದು ಥರ್ಸ್‌ಬಿ ಮೇಲಿನವರಿಗೆ ಬರೆದರು. ಅಪರಾಧದ ಕಾರಣ ಎಂಬಲ್ಲಿ ಮೊದಲು "ಭಯ" ಎಂದು ಬರೆದು, ಹೊಡೆದು ಹಾಕಿ, "ನಾಚಿಕೆ" ಎಂದು ಬರೆದರು.

ಆ ಭಾನುವಾರ ಡೋರಿಸ್ ಓಡಲಿಲ್ಲ. ಹತ್ತೂವರೆಗೆ ಎನಿಡ್ ಠಾಣೆಗೆ ಬಂದರು. ಸಿರಿಲ್ ಹೇಳಿದ್ದನ್ನು ಥರ್ಸ್‌ಬಿ ತಿಳಿಸಿದಾಗ ಅವರು ಅಳಲಿಲ್ಲ. ಪಾರದರ್ಶಕ ಚೀಲದೊಳಗಿದ್ದ ಹಾಳೆಯನ್ನು ಹತ್ತಿರ ಎಳೆದುಕೊಂಡು ಎರಡನೇ ಸಾಲಿನ ಮೇಲೆ ಬೆರಳಿಟ್ಟರು.

"ಅವನ ಅಕ್ಷರ ಕೋಳಿ ಕೆದಕಿದ ಹಾಗಿರ್ತಿತ್ತು. ಇಲ್ಲಿ ನೋಡಿ, ಎಷ್ಟು ದುಂಡಗೆ ಬರೆದಿದ್ದಾನೆ. ಓದೋರಿಗೆ ಕಷ್ಟ ಆಗ್ಬಾರದು ಅಂತ."

ಬೆರಳು ತೆಗೆಯದೆಯೇ ಕೇಳಿದರು: "ಆ ಮನುಷ್ಯ ಈಗೆಲ್ಲಿ?"

"ಮನೇಲಿ."

"ಒಬ್ಬರೇನಾ?"

"ಹೆಂಡತಿ ತೀರಿಕೊಂಡಿದ್ದಾರೆ. ಒಬ್ಬರೇ."

ಎನಿಡ್ ಮತ್ತೆ ಹಾಳೆಯ ಕಡೆಗೆ ಬಾಗಿದರು. ಈ ಸಲ ಸಿರಿಲ್ ಬರೆದಿದ್ದ ಮೊದಲನೇ ಸಾಲನ್ನೂ ಓದಿದರು.